ಹದಿನೇಳಕ್ಕನ ಹನ್ನೊಂದು ಬೆಲ್ಟುಗಳು

ಬೆಲ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಹದಿನೇಳಕ್ಕ ಎಂದೇ ಕರೆಯುತ್ತಿದ್ದರು. ಅವಳು ಕೂರುವ ಮಷಿನ್ನಿನ ನಂಬರು ಹದಿನೇಳು. ಅಲ್ಲಿ ತಯಾರಾಗುತ್ತಿದ್ದದ್ದು ಪ್ಯಾಂಟಿಗೆ ಕಟ್ಟುವ ಬೆಲ್ಟಲ್ಲ. ಬಂಡೆ ಹತ್ತುವವರು, ಹಗ್ಗಕ್ಕೆ ನೇತುಬಿದ್ದು ಜಾರುವವರು, ಕಮರಿಯ ಮೇಲೆ ತೂಗಾಡುವವರು ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ ದಪ್ಪ ಪಟ್ಟಿಯ ಬೆಲ್ಟು. ಪ್ರತಿ ಬೆಲ್ಟಿನ ಒಳಮಗ್ಗುಲಿಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಬಿಳಿ ಚೀಟಿ ಇರುತ್ತಿತ್ತು. ಅದರಲ್ಲಿ ಎರಡೇ ಅಂಕಿ. ಒಂದು ಬ್ಯಾಚಿನದು, ಇನ್ನೊಂದು ಹೊಲಿದವರದು.

ಹೊಲಿದವಳಿಗೆ ಮಾತ್ರ ಎತ್ತರವೆಂದರೆ ಆಗದು. ಸ್ಟೂಲು ಹತ್ತಿ ಬಲ್ಬು ಬದಲಾಯಿಸಬೇಕಾದರೆ ಪಕ್ಕದ ಮನೆಯವರನ್ನು ಕರೆಯುವವಳು. ಗಂಡ ಬದುಕಿದ್ದಾಗ, "ಜಗತ್ತಿಗೆಲ್ಲ ಬೆಲ್ಟು ಹೊಲಿದು ಕೊಡ್ತಾಳೆ, ತಾನು ಮಾತ್ರ ಮೆಟ್ಟಿಲು ಇಳಿಯೋವಾಗ ಗೋಡೆ ಹಿಡ್ಕೊಳ್ತಾಳೆ" ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಕ್ಕು, ಮನಸ್ಸಿನಲ್ಲೇ ದೇವರಿಗೆ ಹೇಳುತ್ತಿದ್ದಳು: ನಾನು ಹೊಲಿದದ್ದನ್ನು ನಂಬಿ ನೇತಾಡುವ ಯಾರೂ ಬೀಳದಿರಲಿ. ಬೆಳಿಗ್ಗೆ ಮಷಿನ್ನಿನ ಮುಂದೆ ಕೂತ ಕೂಡಲೇ ಸೂಜಿಯ ಮೇಲೆ ಬೆರಳಿಟ್ಟು ಹೇಳುವ ಮಾತು ಅದು. ಇಪ್ಪತ್ತು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಆ ಇಪ್ಪತ್ತನೇ ವರ್ಷದಲ್ಲೇ ಎಡವಿದಳು.

ಕಾರ್ಖಾನೆಯಲ್ಲಿ ಎರಡು ಬಗೆಯ ದಾರ. ಬೆಲ್ಟಿಗೆ ನೈಲಾನು, ಬೆಲ್ಟು ಹಾಕಿ ಕಳಿಸುವ ಚೀಲಕ್ಕೆ ಹತ್ತಿ. ಎರಡೂ ನೀಲಿ, ಎರಡೂ ಒಂದೇ ದಪ್ಪ. ಕಣ್ಣಿಗೆ ವ್ಯತ್ಯಾಸ ತಿಳಿಯದೆಂದು ಚೀಲದ ದಾರ ಸುತ್ತಿದ ಕೋನಿನ ತಳಕ್ಕೆ ಹಸಿರು ಬಣ್ಣದ ಚುಕ್ಕೆ ಹಚ್ಚಿರುತ್ತಿದ್ದರು. ಅಂದು ಊಟದ ಹೊತ್ತಿಗೆ ಅವಳ ದಾರ ಮುಗಿಯಿತು. ಸ್ಟೋರಿನವನು ಊಟಕ್ಕೆ ಹೋಗಿದ್ದ. ಕಾಯುವುದೇಕೆಂದು ತಾನೇ ಹೋಗಿ ಕಪಾಟಿನಿಂದ ಒಂದು ಕೋನು ತಂದು ಏರಿಸಿಕೊಂಡಳು. ತಳ ನೋಡಲಿಲ್ಲ. ಸಂಜೆ ಮಷಿನ್ನು ಒರೆಸಲು ಕೋನು ಎತ್ತಿದಾಗ ಹಸಿರು ಚುಕ್ಕೆ ಕಾಣಿಸಿತು.

ಅಷ್ಟರಲ್ಲಿ ಹನ್ನೊಂದು ಬೆಲ್ಟು ಅವಳ ಕೈಯಿಂದ ದಾಟಿ ಹೋಗಿದ್ದವು. ನೂರಕ್ಕೆ ಒಂದರಂತೆ ಎಳೆದು ಹರಿದು ನೋಡುವ ಪರೀಕ್ಷೆಯೊಂದಿತ್ತು, ಆದರೆ ಅದಕ್ಕೆ ಸಿಕ್ಕಿದ್ದು ಬೆಳಿಗ್ಗೆ ಹೊಲಿದ ಬೆಲ್ಟು. ಬ್ಯಾಚು ನಾನೂರ ಹನ್ನೆರಡು ಪಾಸಾಯಿತು.

ಓಡಿಹೋಗಿ ಮೇಸ್ತ್ರಿಗೆ ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಹನ್ನೊಂದನ್ನೂ ಹುಡುಕಿ ಕತ್ತರಿಸಿ ಬಿಸಾಡುತ್ತಿದ್ದರು. ಆದರೆ ಮರುದಿನ ಕ್ಯಾಂಟೀನಿನ ಗೋಡೆಗೆ ಅವಳ ಫೋಟೋ ಹಾಕುವುದಿತ್ತು. 'ಇಪ್ಪತ್ತು ವರ್ಷ, ಒಂದೂ ತಪ್ಪಿಲ್ಲ' ಎಂದು ಕೆಳಗೆ ಬರೆಸಿದ್ದರು. ಚೌಕಟ್ಟು ಆಗಲೇ ಬಂದು ಆಫೀಸಿನ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಫೋಟೋ ಆಗಲಿ, ನಾಡಿದ್ದು ಹೇಳಿದರಾಯಿತು ಎಂದುಕೊಂಡಳು. ನಾಡಿದ್ದು ಬಂದಾಗ ಪೆಟ್ಟಿಗೆಗಳು ಲಾರಿ ಹತ್ತಿದ್ದವು. ಹೇಳದೆ ಉಳಿದ ಮಾತು ದಿನ ಕಳೆದಂತೆ ಭಾರವಾಗುತ್ತದೆ. ಮೊದಲ ವಾರ ನಾಲಿಗೆಯ ತುದಿಯಲ್ಲಿತ್ತು, ತಿಂಗಳಾಗುವಷ್ಟರಲ್ಲಿ ಗಂಟಲಿಗಿಳಿಯಿತು, ವರ್ಷ ತುಂಬುವಾಗ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ದಿನಾ ಆ ಫೋಟೋದ ಕೆಳಗೇ ಕೂತು ಡಬ್ಬಿ ಬಿಚ್ಚಿ ಉಂಡಳು. ಹೀಗೆ ಆರು ವರ್ಷ.

ಆರನೇ ವರ್ಷದಲ್ಲಿ ಒಂದು ಬೆಲ್ಟು ವಾಪಸು ಬಂತು. ಕಾಡಿನಲ್ಲಿ ಹಗ್ಗದ ಮೇಲೆ ಜಾರಿಸುವವರು ಕಳಿಸಿದ್ದರು. ತೊಳೆದು ಹಿಂಡುವಾಗಲೇ ಹೊಲಿಗೆ ಬಿಟ್ಟುಕೊಂಡಿತಂತೆ.

"ಹದಿನೇಳಕ್ಕಾ, ಮಗಳು ತವರಿಗೆ ಬಂದಿದ್ದಾಳೆ ನೋಡಿ" ಎಂದು ಮೇಸ್ತ್ರಿ ಅದನ್ನು ಅವಳ ಮೇಜಿನ ಮೇಲೆ ಎಸೆದು ನಕ್ಕ. "ಆರು ವರ್ಷ ಆಯ್ತು, ಚಪ್ಪಲೀನೇ ಅಷ್ಟು ದಿನ ಬರಲ್ಲ. ಹೊಸದೊಂದು ಕಳಿಸಿ ಬಾಯಿ ಮುಚ್ಚಿಸಿದ್ರಾಯ್ತು."

ಅವಳು ಒಂದೆಳೆ ದಾರ ಕಿತ್ತುಕೊಂಡು ಹಿತ್ತಲಿಗೆ ಹೋಗಿ ಕಡ್ಡಿ ಗೀರಿದಳು. ದಾರ ಮುಟ್ಟುವವರೆಲ್ಲರಿಗೂ ಗೊತ್ತಿರುವ ಪರೀಕ್ಷೆ ಅದು. ನೈಲಾನಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿಯಾದರೆ ಬೂದಿ. ಅವಳ ಅಂಗೈ ಮೇಲೆ ಬಿದ್ದದ್ದು ಬೂದಿ. ಇನ್ನೂ ಹತ್ತು ಹೊರಗಿವೆ ಎಂದು ಅವಳಿಗೆ ಆ ಕ್ಷಣ ಅನಿಸಿದ ರೀತಿಯಲ್ಲಿ ಆರು ವರ್ಷದಲ್ಲಿ ಎಂದೂ ಅನಿಸಿರಲಿಲ್ಲ.

ಇಪ್ಪತ್ತೈದು ವರ್ಷ ದುಡಿದವರು ಸಂಬಳವಿಲ್ಲದೆ ಒಂದು ವರ್ಷ ರಜೆ ತೆಗೆದುಕೊಳ್ಳಬಹುದೆಂದು ಕಾರ್ಖಾನೆಯ ನಿಯಮವಿತ್ತು. ಯಾರೂ ತೆಗೆದುಕೊಂಡವರಿಲ್ಲ. ಇವಳು ಅರ್ಜಿ ಕೊಟ್ಟಳು. ಕಾರಣ ಕೇಳಿದರೆ, "ಊರೂರು ಸುತ್ತಬೇಕು. ನಾವು ಹೊಲಿಯೋ ಬೆಲ್ಟು ಕಟ್ಕೊಂಡು ಏನೇನು ಆಟ ಆಡ್ತಾರೋ ಅದನ್ನೆಲ್ಲ ಆಡಿ ನೋಡಬೇಕು" ಎಂದಳು. ಸಾಲಿಗೆ ಸಾಲೇ ಮಷಿನ್ನು ನಿಲ್ಲಿಸಿ ನಕ್ಕಿತು.

"ಐವತ್ಮೂರಕ್ಕೆ ರೆಕ್ಕೆ ಬಂತಾ ಅಕ್ಕಾ?"

"ಬಂತು ಕಣೇ. ನಿಂಗೂ ಎರಡು ಹೊಲಿದು ಕಳಿಸ್ತೀನಿ ಬಿಡು."

ಮಗಳು ಬೇರೆ ಊರಿನಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು. ಫೋನಿನಲ್ಲಿ ಮೊದಲು ಗಾಬರಿಯಾದಳು, ಆಮೇಲೆ ಹಿಗ್ಗಿದಳು. "ಅಮ್ಮಾ, ಅಪ್ಪ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು. ಹೋಗು, ಜೀವನ ಪೂರ್ತಿ ಆ ಮಷಿನ್ನಿಗೇ ಅಂಟ್ಕೊಂಡಿದ್ದೀಯ. ಪ್ರತಿ ಊರಿಂದ ಫೋಟೋ ಕಳಿಸ್ಬೇಕು, ಆಯ್ತಾ?"

ಆಯ್ತೆಂದಳು. ನಿಜ ಹೇಳಲು ಅದೂ ಒಂದು ಅವಕಾಶ. ಅದನ್ನೂ ಬಿಟ್ಟುಕೊಟ್ಟಳು.

ಬೆಲ್ಟುಗಳು ಎಲ್ಲೆಲ್ಲಿಗೆ ಹೋದವೆಂದು ತಿಳಿಸಿದ್ದು ರವಾನೆ ಮಾಮ. ಕಾರ್ಖಾನೆಯಿಂದ ಹೊರಬೀಳುವ ಪೆಟ್ಟಿಗೆಗೆಲ್ಲ ಮೂವತ್ತು ವರ್ಷ ವಿಳಾಸ ಬರೆದು ನಿವೃತ್ತನಾದ ಮುದುಕ. ಹಳೆಯ ರವಾನೆ ಪುಸ್ತಕಗಳನ್ನು ಮಂಚದ ಕೆಳಗೆ ಇಟ್ಟುಕೊಂಡಿದ್ದ. "ನಾನೂರ ಹನ್ನೆರಡಾ? ಅವತ್ತು ಮಧ್ಯಾಹ್ನದ ಮಾಲು ಚಿಕ್ಕ ಚಿಕ್ಕ ಗಿರಾಕಿಗಳಿಗೆ ಹೋಯ್ತು" ಎಂದು ಕನ್ನಡಕ ಏರಿಸಿ ಹೇಳಿದ. ಕಾಡಿನ ಹಗ್ಗದವರಿಗೆ ಐದು. ಅದರಲ್ಲಿ ಒಂದು ವಾಪಸು ಬಂದಿದೆ. ಬೆಟ್ಟದ ಮೇಲಿನಿಂದ ಪ್ಯಾರಾಚೂಟು ಕಟ್ಟಿ ಹಾರಿಸುವವರಿಗೆ ಮೂರು. ಕಮರಿಯ ಮೇಲೆ ಉಯ್ಯಾಲೆ ಆಡಿಸುವವರಿಗೆ ಮೂರು. "ಯಾಕಮ್ಮಾ ಬೇಕಿತ್ತು?" ಎಂದ. "ಸುಮ್ನೆ ಮಾಮ, ನಾನು ಹೊಲಿದದ್ದನ್ನ ಒಂದು ಸಲ ಕಣ್ಣಲ್ಲಿ ನೋಡೋಣ ಅಂತ" ಎಂದಳು. ಸುಳ್ಳೇನಲ್ಲ, ನಿಜದ ಒಂದು ತುಣುಕು.

ಕಾಡಿನ ಜಾಗದಲ್ಲಿ ಅವಳಿಗೆ ಗೊತ್ತಾದ ಮೊದಲ ಸಂಗತಿಯೆಂದರೆ, ಸುಮ್ಮನೆ ನೋಡಲು ಬಂದವರನ್ನು ಬೇಲಿಯ ಆಚೆಯೇ ನಿಲ್ಲಿಸುತ್ತಾರೆ. ಟಿಕೆಟು ತೆಗೆದು ಜಾರುವವರಿಗೆ ಮಾತ್ರ ಬೆಲ್ಟು ಕೈಗೆ ಸಿಗುತ್ತದೆ. ಅದೂ ಯಾವ ಬೆಲ್ಟು ಬರುತ್ತದೋ ಅವರವರ ಅದೃಷ್ಟ. ಹಾಗಾಗಿ ಸ್ಟೂಲು ಹತ್ತಲು ಹೆದರುವವಳು ಮರದ ಮೇಲಿನ ಅಟ್ಟಣೆ ಹತ್ತಿದಳು. ಮೊದಲ ಸಲ ಬೆಲ್ಟು ಕಟ್ಟುವವನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಅವನು, "ಅಮ್ಮಾ, ಬಿಟ್ರೆ ನೀವು ಹೋಗ್ತೀರ, ಬಿಡದಿದ್ರೆ ನಾನೂ ಬರ್ತೀನಿ" ಎಂದ. ಕಣ್ಣು ಮುಚ್ಚಿ ಬಿಟ್ಟಳು. ಗಾಳಿ ಕಿವಿಯಲ್ಲಿ ಕೂಗಿತು. ಆಚೆ ಮರಕ್ಕೆ ಬಂದು ಬಡಿದಾಗ ನಾಲಿಗೆ ಕಚ್ಚಿಕೊಂಡಿದ್ದಳು. ಇಳಿದು ಬೆಲ್ಟು ಬಿಚ್ಚಿ ಒಳಗಿನ ಚೀಟಿ ನೋಡಿದರೆ ಮುನ್ನೂರ ತೊಂಬತ್ತು, ನಂಬರು ನಾಲ್ಕು. ಯಾರದೋ ಹೊಲಿಗೆ. ಮತ್ತೆ ಟಿಕೆಟಿನ ಸಾಲಿಗೆ ಹೋಗಿ ನಿಂತಳು.

ನಾಲ್ಕು ದಿನ ಜಾರಿದಳು. ಅಲ್ಲಿನವರು ಜಾರು ಅಜ್ಜಿ ಎಂದು ಹೆಸರಿಟ್ಟರು. "ಅಜ್ಜಿ, ನಿಮಗೆ ಪಾಸ್ ಮಾಡಿಸಿಬಿಡೋಣ್ವಾ?" ಎಂದು ರೇಗಿಸಿದರು. ತನ್ನ ಬೆಲ್ಟು ಸಿಕ್ಕಿದಾಗಲೆಲ್ಲ, ಅದನ್ನು ಕಟ್ಟಿಕೊಳ್ಳುವ ಮುಂಚೆಯೇ ಸೆರಗಿನ ಮರೆಯಲ್ಲಿ ಚಿಕ್ಕ ಕತ್ತರಿಯಿಂದ ಹೊಲಿಗೆ ಕತ್ತರಿಸಿ, "ಇಲ್ಲಿ ದಾರ ಬಿಟ್ಟಿದೆಯಲ್ಲಪ್ಪಾ" ಎಂದು ತೋರಿಸುತ್ತಿದ್ದಳು. ಅವರು ಅದನ್ನು ಮೂಲೆಯ ಗೋಣಿಚೀಲಕ್ಕೆ ಎಸೆದು ಬೇರೆ ಕೊಡುತ್ತಿದ್ದರು. ನಾಲ್ಕನೇ ದಿನ ನಾಲ್ಕನೆಯದೂ ಗೋಣಿಗೆ ಬಿತ್ತು. ಇಷ್ಟು ಸುಲಭವೇ, ಯಾರಿಗೂ ಏನೂ ಹೇಳಬೇಕಾಗಿಯೇ ಇಲ್ಲವಲ್ಲ ಎಂದು ಅವಳ ಎದೆ ಹಗುರಾಯಿತು.

ಗೇಟಿನ ಹೊರಗೆ ಒಬ್ಬ ಚಪ್ಪಲಿ ಹೊಲಿಯುವವನು ಕೂರುತ್ತಿದ್ದ. ಬಸ್ಸಿಗೆಂದು ಹೊರಟವಳು ಅವನ ಮುಂದೆ ಗಕ್ಕನೆ ನಿಂತಳು. ಆ ಗೋಣಿಚೀಲ ಅವನ ಮಂಡಿಯ ಪಕ್ಕದಲ್ಲಿತ್ತು. ಅವಳ ಬೆಲ್ಟು ಅವನ ತೊಡೆಯ ಮೇಲಿತ್ತು.

"ಇದನ್ನೇನು ಮಾಡ್ತೀರಿ?"

"ಹೊಲೀತೀನಿ. ಬಿಚ್ಚಿದ್ರೆ ಹೊಲಿಬೇಕು ತಾನೇ? ಯಜಮಾನ್ರು ನಾಳೆ ಬೆಳಿಗ್ಗೆ ಬೇಕು ಅಂದಿದ್ದಾರೆ." ಅವನು ದಾರದ ತುಣುಕೊಂದನ್ನು ಬೆರಳಲ್ಲಿ ಹೊಸೆದು ಹಿಡಿದ. "ಇಲ್ನೋಡಿ ತಮಾಷೆ. ಚೀಲ ಹೊಲಿಯೋ ದಾರ. ಪೂರ್ತಿ ಕೊಳೆತಿದೆ. ಮನುಷ್ಯರು ನೇತಾಡೋ ವಸ್ತುವನ್ನ ಯಾವಳೋ ಪುಣ್ಯಾತ್ಗಿತ್ತಿ ಇದ್ರಲ್ಲಿ ಹೊಲಿದಿದ್ದಾಳೆ. ಹೊಲಿದು ಮನೇಲಿ ಸುಖವಾಗಿ ನಿದ್ದೆ ಮಾಡ್ತಿರ್ತಾಳೆ."

"ನಿಮಗೆ ಗೊತ್ತಾದ್ರೆ ಅವರಿಗೆ ಹೇಳಲ್ವಾ?"

"ನನ್ನ ಮಾತು ಯಾರು ಕೇಳ್ತಾರಮ್ಮಾ? ಬಾಯಿ ಇದ್ದೋರು ಹೇಳ್ಬೇಕು."

ಅವಳು ಅವನ ಮುಂದೆ ನೆಲದಲ್ಲೇ ಕುಕ್ಕರಿಸಿದಳು. "ಹೊಲಿಬೇಡಿ. ಮೇಲಿಂದ ಹೊಲಿದ್ರೂ ಒಳಗಿಂದು ಹಾಗೇ ಇರುತ್ತೆ. ನಾಲ್ಕನ್ನೂ ಕತ್ತರಿಸಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಅವಳ ಮುಖ ನೋಡಲಿಲ್ಲ. ಬಲಗೈಯ ತೋರುಬೆರಳು ನೋಡಿದ. ಸೂಜಿ ಹೊಕ್ಕು ಹೊರಟ ಹಳೆಯ ಗಾಯಗಳಿಂದ ಆ ಬೆರಳ ತುದಿ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಅವನ ಬೆರಳೂ ಹಾಗೆಯೇ ಇತ್ತು. ಉಳಿ ಎತ್ತಿ ನಾಲ್ಕೂ ಬೆಲ್ಟಿನ ಪಟ್ಟಿಗಳನ್ನು ಅಡ್ಡಡ್ಡ ಕತ್ತರಿಸಿದ. "ಹೊಲಿಗೆ ಹಿಡಿಯಲ್ಲ ಅಂತ ಹೇಳ್ತೀನಿ ಬಿಡಿ" ಎಂದ. ಅಷ್ಟೆ. ಅವಳು ಎದ್ದು ಹೊರಟಾಗ ಹಿಂದಿನಿಂದ, "ಇನ್ನೂ ಇದ್ರೆ ಬಾಯಿ ಬಿಟ್ಟು ಹೇಳಮ್ಮಾ. ಕತ್ತರಿ ಎಷ್ಟು ಕಡೆ ಓಡುತ್ತೆ?" ಎಂದದ್ದು ಕೇಳಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಬೆಟ್ಟದ ಕಡೆ ಗಾಳಿ ಸರಿಯಾಗುವವರೆಗೆ ನಾಲ್ಕು ತಿಂಗಳು ಯಾರನ್ನೂ ಹಾರಿಸುವುದಿಲ್ಲವೆಂದರು. ತಪ್ಪಲಿನ ಊರಿನಲ್ಲಿ ಒಂದು ಕೋಣೆ ಹಿಡಿದು, ಅಲ್ಲಿನ ದರ್ಜಿಯೊಬ್ಬನ ಅಂಗಡಿಯಲ್ಲಿ ಗುಂಡಿ ಹೊಲಿದು ದಿನ ತಳ್ಳಿದಳು. ಕೊನೆಗೂ ಒಂದು ಬೆಳಿಗ್ಗೆ ಹಾರಿಸುವವನು ಅವಳನ್ನು ತನ್ನ ಮುಂದೆ ಕಟ್ಟಿಕೊಂಡು ಬೆಟ್ಟದ ಅಂಚಿನಿಂದ ಓಡಿದ. ಅವಳ ಕಾಲು ನೆಲ ತುಳಿಯುತ್ತಲೇ ಇತ್ತು, ನೆಲವೇ ಇರಲಿಲ್ಲ.

"ಕಣ್ಣು ಬಿಡಿ ಅಮ್ಮಾ. ಇಷ್ಟು ದೂರದಿಂದ ಬಂದು ಕಣ್ಣು ಮುಚ್ಕೊಂಡ್ರೆ ಹೇಗೆ? ಕತ್ತಲೆ ನಿಮ್ಮ ಮನೇಲೂ ಇತ್ತಲ್ಲ."

ಬಿಟ್ಟಳು. ಕೆಳಗೆ ಹೊಲಗಳು ತೇಪೆ ಹಾಕಿದ ಹೊದಿಕೆಯ ಹಾಗಿದ್ದವು. ರಸ್ತೆಯೊಂದು ಓರೆ ಹೊಲಿಗೆಯಂತೆ ಹೋಗಿತ್ತು. ಎಲ್ಲೂ ಸದ್ದಿಲ್ಲ. ಐವತ್ತಮೂರು ವರ್ಷದಲ್ಲಿ ಅಂಥದ್ದನ್ನು ಕಂಡಿರಲಿಲ್ಲ; ಕಣ್ಣಲ್ಲಿ ನೀರು ತುಂಬಿ, "ಅಯ್ಯೋ ದೇವರೇ, ಎಷ್ಟು ಚೆನ್ನಾಗಿದೆ" ಎಂದು ಬಾಯಿಂದ ಬಂದೇಬಿಟ್ಟಿತು. ಮರುಕ್ಷಣವೇ ನಾಚಿಕೆಯಾಯಿತು. ತಾನೇನು ಸಂತೋಷಪಡಲು ಬಂದವಳೇ? ಅಲ್ಲಿಂದ ಇಳಿಯುವವರೆಗೆ ಮತ್ತೆ ಕೆಳಗೆ ನೋಡಲಿಲ್ಲ.

ಅವಳ ಮೂರು ಬೆಲ್ಟುಗಳು ಅಲ್ಲಿನ ಶೆಡ್ಡಿನಲ್ಲಿ ಸಿಕ್ಕವು. ಹಳತಾದವೆಂದು ಜೀಪಿನ ಸಾಮಾನು ಬಿಗಿಯಲು ಬಳಸುತ್ತಿದ್ದರು. ಕೇಳಿದ ಕೂಡಲೇ ಕೊಟ್ಟರು. ಹಾರುವ ಮುಂಚೆ ತೆಗೆದ ಫೋಟೋ ಮಗಳಿಗೆ ತಲುಪಿತು. "ಅಮ್ಮಾ, ನಮ್ಮ ವಾರ್ಡಲ್ಲೆಲ್ಲ ತೋರಿಸ್ದೆ. ನಮ್ಮಮ್ಮ ನೋಡಿ ಅಂತ. ಡಾಕ್ಟ್ರು ಕೂಡ ಭೇಷ್ ಅಂದ್ರು" ಎಂದಳು ಮಗಳು. ಅವಳ ದನಿಯಲ್ಲಿದ್ದ ಹೆಮ್ಮೆ ಕೇಳಿ ಇವಳಿಗೆ ಕ್ಯಾಂಟೀನಿನ ಗೋಡೆ ನೆನಪಾಯಿತು. ಇನ್ನೊಂದು ಚೌಕಟ್ಟು ಎದ್ದಿತ್ತು.

ಕೊನೆಯದು ಕಮರಿಯ ಉಯ್ಯಾಲೆ. ರಜೆ ಶುರುವಾಗಿ ಐದು ತಿಂಗಳಾಗಿತ್ತು.

ಅದನ್ನು ನಡೆಸುತ್ತಿದ್ದದ್ದು ಒಂದು ಮನೆಯವರು. ಮಗ ಹಗ್ಗ ನೋಡಿಕೊಳ್ಳುತ್ತಿದ್ದ, ಸೊಸೆ ಟಿಕೆಟು ಕೊಟ್ಟು ಬೆಲ್ಟು ಕಟ್ಟುತ್ತಿದ್ದಳು, ಅತ್ತೆ ಹಿಂದಿನ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ಬಂದವರಿಗೆಂದು ಮನೆಯಲ್ಲಿ ಒಂದು ಕೋಣೆ ಬಾಡಿಗೆಗಿತ್ತು. ಹದಿನೇಳಕ್ಕ ಅಲ್ಲೇ ಇಳಿದುಕೊಂಡಳು.

ಆ ಮನೆಯಲ್ಲಿ ಏನೋ ಸರಿಯಿಲ್ಲವೆಂದು ಮೊದಲ ಊಟದಲ್ಲೇ ತಿಳಿಯಿತು. ಸೊಸೆ ಬಡಿಸಲು ಬಂದರೆ ಅತ್ತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ತಾನೇ ಎದ್ದುಹೋಗಿ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಂಡಿದ್ದನ್ನು ಹಾಕಿಕೊಂಡು ಬರುತ್ತಿದ್ದಳು. ಏನಾದರೂ ಬೇಕಾದರೆ ಮಗನಿಗೆ ಹೇಳುತ್ತಿದ್ದಳು: "ಅವಳಿಗೆ ಹೇಳು, ನೀರು ಕಾಯಿಸ್ಲಿ ಅಂತ." ಸೊಸೆ ಎರಡು ಮೊಳ ದೂರದಲ್ಲೇ ಇರುತ್ತಿದ್ದಳು.

ಮರುದಿನ ಬೆಳಿಗ್ಗೆ ಸೊಸೆ ಬೆಲ್ಟುಗಳನ್ನು ಒಗೆದು ಶೆಡ್ಡಿನೊಳಗೆ ಒಣಗಲು ಹಾಕುತ್ತಿದ್ದಳು. ನೆರಳಿನಲ್ಲೇ ಇದ್ದರೂ ಅದರ ಮೇಲೊಂದು ದಪ್ಪ ಬಟ್ಟೆ ಹೊದಿಸಿ, ಕಿಟಕಿಯ ಸಂದಿಗೂ ಕಾಗದ ತುರುಕುತ್ತಿದ್ದಳು.

"ಇಷ್ಟೊಂದು ಯಾಕಮ್ಮಾ? ನೆರಳಲ್ಲೇ ಇದೆಯಲ್ಲ" ಎಂದಳು ಹದಿನೇಳಕ್ಕ.

"ಬಿಸಿಲು ಎಲ್ಲಿಂದ ನುಗ್ಗುತ್ತೆ ಅಂತ ಹೇಳೋಕಾಗಲ್ಲ ಅಕ್ಕಾ." ಮುಂದೆ ಕೇಳದಿದ್ದರೂ ಹೇಳಿದಳು. ಹೊರಗಿನವರಿಗೆ ಹೇಳುವುದು ಸುಲಭ. "ಮೂರು ವರ್ಷದ ಹಿಂದೆ ಈ ಶೆಡ್ಡು ಸೋರ್ತಿತ್ತು. ಬೆಲ್ಟು ಒಣಗಲ್ಲ ಅಂತ ಒಂದಷ್ಟು ದಿನ ಮಹಡಿ ಮೇಲೆ ಬಿಸಿಲಿಗೆ ಹಾಕ್ದೆ. ನೆರಳಲ್ಲಿ ಒಣಗಿಸಿ ಅಂತ ಬೆಲ್ಟಿನ ಜೊತೆ ಬಂದ ಹಾಳೇಲೇ ಬರೆದಿತ್ತು. ಓದಿದ್ದೆ, ಆದ್ರೂ ಹಾಕ್ದೆ. ನನ್ನ ಮೈದುನ ದಿನಾ ಬೆಳಿಗ್ಗೆ ಮೊದಲು ತಾನು ಒಂದು ಸಲ ಆಡಿ ನೋಡ್ತಿದ್ದ. ಅವತ್ತು ಹೊಲಿಗೆ ಬಿಟ್ಕೊಳ್ತು."

ಹದಿನೇಳಕ್ಕ ಶೆಡ್ಡಿನ ಕಂಬ ಹಿಡಿದುಕೊಂಡಳು.

"ಮೂರು ದಿನ ಜೀವ ಹಿಡ್ಕೊಂಡಿದ್ದ. ಇಪ್ಪತ್ನಾಲ್ಕು ವರ್ಷ ಅವನಿಗೆ. ವಿಚಾರಣೆಗೆ ಬಂದೋರೂ ಬಿಸಿಲು ತಿಂದು ದಾರ ಸತ್ತಿದೆ ಅಂತ ಬರ್ಕೊಂಡು ಹೋದ್ರು. ಅವತ್ತಿಂದ ಅತ್ತೆ ನನ್ನ ಕೈಯ್ಯಿಂದ ಒಂದು ಲೋಟ ನೀರೂ ಮುಟ್ಟಿಲ್ಲ. ಅವರದ್ದೇನು ತಪ್ಪು? ಹೆತ್ತ ಹೊಟ್ಟೆ. ನಾನು ಓದಿದ್ದೆನಲ್ಲ, ಅಕ್ಕಾ. ಓದದೆ ಮಾಡಿದ್ರೆ ಬೇರೆ."

"ಬೇರೆ ಬೆಲ್ಟುಗಳು?"

"ಇನ್ನೆರಡು ಇತ್ತು. ನಮ್ಮವರು ಅವತ್ತೇ ಸುಟ್ಟರು. ಅದೊಂದನ್ನ ಮಾತ್ರ ನಾನು ತೆಗೆದಿಟ್ಟಿದ್ದೀನಿ."

"ಯಾಕೆ?"

"ಮರೀಬಾರದಲ್ಲ."

ಪೆಟ್ಟಿಗೆಯ ತಳದಿಂದ ತೆಗೆದು ತೋರಿಸಿದಳು. ಒಳಮಗ್ಗುಲಿನ ಚೀಟಿ ಮಾಸಿತ್ತು, ಅಂಕಿ ಮಾಸಿರಲಿಲ್ಲ. ನಾನೂರ ಹನ್ನೆರಡು. ಹದಿನೇಳು.

ಕೋಣೆಗೆ ಬಂದು ಮಂಚದ ಮೇಲೆ ಕೂತಳು. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದರೆ ಅಭ್ಯಾಸದ ಮಾತೇ ನಾಲಿಗೆಗೆ ಬಂತು: ಯಾರೂ ಬೀಳದಿರಲಿ. ಕಾಡಿನಲ್ಲಿ, ಬೆಟ್ಟದಲ್ಲಿ, ಬಸ್ಸಿನ ಕಿಟಕಿಗೆ ತಲೆಯಾನಿಸಿ, ಐದು ತಿಂಗಳು ಅದನ್ನೇ ಬೇಡಿಕೊಂಡು ಬಂದಿದ್ದಳು. ಬೇಡಿಕೊಳ್ಳುತ್ತಿದ್ದಾಗಲೇ ಆ ಹುಡುಗ ಮಣ್ಣು ಸೇರಿ ಮೂರು ವರ್ಷವಾಗಿತ್ತು. ಕೇಳಲು ಬೇರೇನೂ ತೋಚದೆ ಸುಮ್ಮನೆ ಕೂತಳು. ಅಂಥ ಹೊತ್ತಿನಲ್ಲಿ ದೇವರೂ ಸುಮ್ಮನಿರುತ್ತಾನೆ.

ಆಮೇಲೆ ಬುದ್ಧಿ ತನ್ನ ಲೆಕ್ಕ ಶುರುಮಾಡಿತು. ಹನ್ನೊಂದೂ ಮುಗಿದವು. ಇನ್ನು ಯಾರೂ ಬೀಳುವುದಿಲ್ಲ. ಹುಡುಗ ಎದ್ದು ಬರುವುದಿಲ್ಲ. ಹತ್ತು ಗಂಟೆಗೆ ಬಸ್ಸಿದೆ. ಹೇಳಿದರೆ ಯಾರಿಗೇನು ಸಿಗುತ್ತದೆ? ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಮಗಳು ವಾರ್ಡಿನಲ್ಲಿ ತೋರಿಸಿದ ಫೋಟೋವನ್ನು ಏನು ಮಾಡಬೇಕು? ಸೀರೆ ಮಡಚಿ ಚೀಲಕ್ಕೆ ತುಂಬಿದಳು.

ಹೇಳಿಹೋಗಲೆಂದು ಟಿಕೆಟಿನ ಕಿಟಕಿಗೆ ಬಂದಾಗ ಸೊಸೆ ನಕ್ಕಳು. ಅವಳು ನಕ್ಕದ್ದನ್ನು ಇವಳು ನೋಡಿದ್ದು ಅದೊಂದೇ ಸಲ. "ಇದೇನಕ್ಕಾ, ಊರೆಲ್ಲ ಹಾರಿ ಬಂದೋರು ನಮ್ಮ ಉಯ್ಯಾಲೆ ಆಡದೆ ಹೋಗ್ತೀರಾ? ಬನ್ನಿ, ನಾನೇ ಕಟ್ತೀನಿ."

ಚೀಲ ಕೆಳಗಿಟ್ಟು ಅವಳ ಹಿಂದೆ ಹೋದಳು. ಕಮರಿಯ ಅಂಚಿನ ಹಲಗೆಯ ಮೇಲೆ ನಿಂತಳು. ಸೊಸೆ ಮಂಡಿಯೂರಿ ಬೆಲ್ಟು ಬಿಗಿದಳು. ಬಕಲು ಎಳೆದು ನೋಡಿದಳು. ಮತ್ತೆ ಎಳೆದು ನೋಡಿದಳು. ಆಮೇಲೆ ಒಂದೊಂದು ಹೊಲಿಗೆಯ ಮೇಲೂ ಹೆಬ್ಬೆರಳು ಆಡಿಸಿದಳು, ಸೊಂಟದ ಎರಡು ಕಡೆ, ಎರಡು ತೊಡೆ, ಹಿಂದೆ. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಾಳೆಂದು ಹದಿನೇಳಕ್ಕ ಕೇಳಬೇಕಾಗಿರಲಿಲ್ಲ. ಆ ಮಾತು ತನ್ನದೇ. ಮೂರು ವರ್ಷದಿಂದ, ಬಂದವರೆಲ್ಲರ ಮುಂದೆ ಹೀಗೆ ಮಂಡಿಯೂರಿ, ತಾನು ಮಾಡದ ತಪ್ಪನ್ನು ಈ ಹೆಣ್ಣು ಬೆರಳಿನಿಂದ ಒರೆಸುತ್ತಿದ್ದಾಳೆ.

"ಹೂಂ, ಆಯ್ತು. ಕಣ್ಣು ಬಿಟ್ಟೇ ಇರಿ."

"ಬಿಚ್ಚಮ್ಮಾ" ಎಂದಳು ಹದಿನೇಳಕ್ಕ.

"ಭಯಾನಾ? ಎಲ್ಲರಿಗೂ ಆಗುತ್ತೆ. ಒಂದೇ ಹೆಜ್ಜೆ."

"ಭಯಕ್ಕಲ್ಲ. ಬಿಚ್ಚು. ನಿಮ್ಮತ್ತೇನೂ ನಿಮ್ಮವರನ್ನೂ ಕರಿ. ಆ ಹಳೇ ಬೆಲ್ಟು ತಗೊಂಡ್ ಬಾ. ಬೆಂಕಿಪೊಟ್ಟಣ, ಒಂದು ತಟ್ಟೆ."

ಅತ್ತೆಯ ಕುರ್ಚಿಯ ಮುಂದೆ, ನೆಲದ ಮೇಲೆ ಕೂತು ಅವಳು ಎರಡು ದಾರ ಕಿತ್ತಳು, ಹೊಸ ಬೆಲ್ಟಿನಿಂದ ಒಂದು, ಹಳೆಯದರಿಂದ ಒಂದು. ಮೊದಲು ಹೊಸದಕ್ಕೆ ಕಡ್ಡಿ ಹಿಡಿದಳು. ಕರಗಿ, ಸುರುಟಿ, ತಟ್ಟೆಯ ಮೇಲೆ ಕಪ್ಪು ಮಣಿಯಾಗಿ ಟಕ್ಕೆಂದಿತು. ಹಳೆಯದಕ್ಕೆ ಹಿಡಿದಳು. ಉರಿದು ಬೂದಿಯಾಯಿತು.

"ನೈಲಾನನ್ನ ಬಿಸಿಲು ತಿಂದ್ರೂ ಅದು ಸುಟ್ಟಾಗ ಮಣೀನೇ ಆಗುತ್ತೆ. ಇದು ನೈಲಾನಲ್ಲ. ಚೀಲ ಹೊಲಿಯೋ ಹತ್ತಿ ದಾರ. ನೆರಳಲ್ಲಿ ಇಟ್ಟಿದ್ರೂ ಇದು ಉಳೀತಿರ್ಲಿಲ್ಲ. ನಿಮ್ಮ ಸೊಸೆ ಕೈಯ್ಯಲ್ಲಿ ಏನೂ ಇರ್ಲಿಲ್ಲ." ಚೀಟಿಯ ಮೇಲೆ ಬೆರಳಿಟ್ಟಳು. "ಈ ಹದಿನೇಳು ನಾನೇ. ನಾನು ಹೊಲಿದದ್ದು."

ಹಗ್ಗದ ಕಡೆಯಿಂದ ರಾಟೆ ಗಾಳಿಗೆ ಕಿರುಗುಟ್ಟುತ್ತಿತ್ತು. ಕೊನೆಗೆ ಮಗ ಕೇಳಿದ. ದನಿ ಏರಿಸಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

ಈಗಲೂ ಒಂದು ಸಣ್ಣ ಸುಳ್ಳಿಗೆ ಜಾಗವಿತ್ತು. ಬೆಲ್ಟು ವಾಪಸು ಬಂದಾಗ ಎನ್ನಬಹುದಿತ್ತು.

"ಅವತ್ತು ಸಂಜೇನೇ. ಆರು ವರ್ಷದ ಹಿಂದೆ. ಹೊಲಿದ ದಿನವೇ."

"ಸುಮ್ನಿದ್ರಾ?"

"ಸುಮ್ನಿದ್ದೆ. ಮಾರನೇ ದಿನ ನನ್ನ ಫೋಟೋ ಹಾಕೋದಿತ್ತು ಗೋಡೆಗೆ. ತಪ್ಪೇ ಮಾಡಿಲ್ಲ ಅಂತ."

"ಫೋಟೋ" ಎಂದಳು ಅತ್ತೆ. ಅಷ್ಟೇ ಅಂದದ್ದು. ಆ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು, ಅದರ ಅರ್ಥ ಹುಡುಕುವವಳಂತೆ ತಟ್ಟೆಯ ಬೂದಿಯನ್ನೇ ನೋಡುತ್ತ ಕೂತಳು. ಮಗ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು.

ಹದಿನೇಳಕ್ಕ ಒಂದು ಹಾಳೆಯಲ್ಲಿ ನಡೆದದ್ದೆಲ್ಲ ಬರೆದಳು. ಕಾರ್ಖಾನೆಯ ವಿಳಾಸ, ಬ್ಯಾಚು, ದಿನ, ಹಸಿರು ಚುಕ್ಕೆ, ತನ್ನ ಹೆಸರು. ಕೆಳಗೆ ಸಹಿ ಹಾಕಿ ಪಕ್ಕದಲ್ಲಿ ಹದಿನೇಳು ಎಂದು ಬರೆದಳು. "ಯಾರಿಗೆ ಬೇಕಾದ್ರೂ ತೋರಿಸಿ. ಕರೆದಲ್ಲಿಗೆ ಬರ್ತೀನಿ" ಎಂದು ಅವನ ಪಕ್ಕದಲ್ಲಿಟ್ಟಳು. ಅವನು ತಿರುಗದೆಯೇ ಕೈ ಚಾಚಿ ತೆಗೆದು ಜೇಬಿಗೆ ಹಾಕಿಕೊಂಡ.

ಚೀಲ ಎತ್ತಿಕೊಂಡು ಅಂಗಳ ದಾಟುವಾಗ ಹಿಂದೆ ಅತ್ತೆಯ ದನಿ ಕೇಳಿತು. ಮೂರು ವರ್ಷ ಬಳಸದ ದಾರಿಯಲ್ಲಿ ನಡೆದಂತೆ ಅದು ತಡವರಿಸುತ್ತಿತ್ತು.

"ಏನೇ. ಊಟ ಮಾಡಿದ್ಯಾ?"

"ಇಲ್ಲ ಅತ್ತೆ."

"ಬಡಿಸ್ಕೊಂಡು ಬಾ. ನಂಗೂ ಹಾಕು."

ಗೇಟಿನವರೆಗೆ ಸೊಸೆ ಓಡಿ ಬಂದಳು. ಕಣ್ಣು ಕೆಂಪಾಗಿತ್ತು. ಏನೋ ಒಳ್ಳೆಯ ಮಾತು ಹೇಳಲು ಬಂದಳೆಂದು ಒಂದು ಕ್ಷಣ ಹದಿನೇಳಕ್ಕನಿಗೆ ಅನಿಸಿತು. ಮನುಷ್ಯರ ಆಸೆ ಅಂಥದ್ದು.

"ದಿನಾ ರಾತ್ರಿ ಅವನ ಹತ್ರ ಕ್ಷಮೆ ಕೇಳಿ ಮಲಗ್ತಿದ್ದೆ ಅಕ್ಕಾ. ಮೂರು ವರ್ಷ. ಇವತ್ತು ಏನು ಹೇಳಿ ಮಲಗ್ಲಿ ನಾನು?" ಎಂದಳು. ಉತ್ತರಕ್ಕೆ ಕಾಯದೆ ಗೇಟು ಹಾಕಿಕೊಂಡು ಹೋದಳು.

ಬಸ್ಸಿನ ನಿಲ್ದಾಣವೆಂದರೆ ಒಂದು ಕಲ್ಲಿನ ಬೆಂಚು. ಹತ್ತರ ಬಸ್ಸು ಹೋಗಿತ್ತು. ಮುಂದಿನದಕ್ಕೆ ಕೂತಿದ್ದಾಗ ಫೋನು ಬಂತು. ಮಗಳು.

"ಅಮ್ಮಾ! ಉಯ್ಯಾಲೆ ಆಡಿದ್ಯಾ? ಫೋಟೋನೇ ಬರ್ಲಿಲ್ಲ. ಇಲ್ಲಿ ಎಲ್ಲರೂ ಕಾಯ್ತಿದ್ದಾರೆ. ಇನ್ನೂ ಏಳು ತಿಂಗಳು ರಜೆ ಇದೆಯಲ್ಲ, ಮುಂದೆ ಏನು ಆಡ್ತೀಯ?"

ತಿರುವಿನಲ್ಲಿ ಬಸ್ಸು ಕಾಣಿಸಿತು. ಬಂದು ಅವಳ ಮುಂದೆಯೇ ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಬರ್ತೀರೇನಮ್ಮಾ?" ಎಂದ. ಬಸ್ಸಿನ ತುಂಬ ಜನ. ಅಷ್ಟು ಜನರ ನಡುವೆ ಆಡುವ ಮಾತಲ್ಲ ಅದು. ಇನ್ನೊಂದು ಬಸ್ಸಿನವರೆಗೆ ಮುಂದಕ್ಕೆ ಹಾಕುವ ಮಾತೂ ಅಲ್ಲ. ಹೋಗಿ ಎಂದು ಅವನಿಗೆ ಕೈಯಾಡಿಸಿದಳು. ಬಸ್ಸು ಧೂಳೆಬ್ಬಿಸಿ ಹೊರಟಿತು.

"ಅಮ್ಮಾ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಮಗಾ" ಎಂದಳು. "ನಿಂತ್ಕೊಂಡಿದ್ದೀಯಾ? ಎಲ್ಲಾದ್ರೂ ಕೂತ್ಕೋ. ನಿಂಗೊಂದು ವಿಷಯ ಹೇಳ್ಬೇಕು."